ಕದ ಬಡಿದ ರಾತ್ರಿಯ ಕಥೆ ಮಕ್ಕಳಿಗೆ ಬೇಕು

ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ. ಈ ಮೂವರು ಹನುಮಪ್ಪರನ್ನು ಒಂದೇ ದಿನ, ಹೊತ್ತು ಮುಳುಗುವುದರೊಳಗೆ ಕಂಡು ಬಂದರೆ ಪುಣ್ಯ ಎಂಬ ನಂಬಿಕೆ ನಮ್ಮ ಸೀಮೆಯದು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು, ಗಾಡಿ ಮಾಡಿಕೊಂಡು ಈ ದಾರಿ ಹಿಡಿಯುವವರು ಇವತ್ತಿಗೂ ಇದ್ದಾರೆ. ಆದರೆ ಆ ದಾರಿ 1956ರ ತನಕ ಒಂದು ಗಡಿ ದಾಟುತ್ತಿತ್ತು ಎಂಬುದು ಗಾಡಿಯಲ್ಲಿ ಕೂತ ಮಕ್ಕಳಿಗೆ ಗೊತ್ತಿಲ್ಲ. ಕದರಮಂಡಲಗಿ, ಸಾತೇನಹಳ್ಳಿ ಮುಂಬಯಿ ಸರ್ಕಾರದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿಕಾರಿಪುರ ಮೈಸೂರು ಮಹಾರಾಜರ ಸಂಸ್ಥಾನದ್ದು. ಇಲ್ಲಿ ಮಾಮಲೇದಾರ, ಅಲ್ಲಿ ಅಮಲ್ದಾರ. ಮಗಳನ್ನು ಕೊಟ್ಟ ಊರು ಒಂದು ಆಳ್ವಿಕೆಯಲ್ಲಿ, ತವರು ಇನ್ನೊಂದರಲ್ಲಿ.

ಆ ದಾರಿಯ ಎರಡೂ ತುದಿಗಳಲ್ಲಿ, 1943ರಲ್ಲಿ, ಒಂದು ತಿಂಗಳೂ ತುಂಬದ ಅವಧಿಯಲ್ಲಿ ಮನೆಗಳು ಒಡೆದವು. ಶಿಕಾರಿಪುರದ ಹತ್ತಿರದ ಈಸೂರಿನ ಐವರನ್ನು ಮಾರ್ಚ್ 8ರಿಂದ 10ರ ನಡುವೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೆ ಹಾಕಿದರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಏಪ್ರಿಲ್ 1ರಂದು ಈ ಕಡೆ ವರದಾ ನದಿಯ ಸೀಮೆಯ ಹೊಸರಿತ್ತಿಯಲ್ಲಿ, ಕಂದಾಯದ ದುಡ್ಡು ಇಟ್ಟಿದ್ದ ವೀರಭದ್ರ ದೇವರ ಗುಡಿಯ ಬಳಿ, ಮೈಲಾರ ಮಹದೇವಪ್ಪ, ತಿರುಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಪೊಲೀಸರ ಗುಂಡಿಗೆ ಬಿದ್ದರು. ಮಹದೇವಪ್ಪ ನಮ್ಮ ಬ್ಯಾಡಗಿ ತಾಲ್ಲೂಕಿನದೇ ಮೋಟೆಬೆನ್ನೂರಿನವರು.

ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ಹೇಳುವ, ಹದಿಮೂರು ಹದಿನಾಲ್ಕರ ಹುಡುಗಿಯೊಬ್ಬಳು ರಾತ್ರಿ ನಿದ್ದೆಗೆಟ್ಟು ಓದುವ ಒಂದು ಕಾದಂಬರಿ ನಮ್ಮಲ್ಲಿ ಎಲ್ಲಿದೆ? ನಮ್ಮ ಯಾವ ಹೈಸ್ಕೂಲಿನ ಕಪಾಟಿನಲ್ಲಿದೆ?

ನಾವು ಹುತಾತ್ಮರನ್ನು ಮರೆತಿದ್ದೇವೆ ಎಂದು ಯಾರೂ ದೂರುವಂತಿಲ್ಲ. ಹಾವೇರಿಯ ರೈಲು ನಿಲ್ದಾಣಕ್ಕೆ ಮಹದೇವಪ್ಪನವರ ಹೆಸರಿದೆ. ಅಂಚೆ ಇಲಾಖೆ ಅವರ ಅಂಚೆಚೀಟಿ ತಂದಿದೆ. ಪ್ರತಿವರ್ಷ ಹಾರ ಬೀಳುತ್ತದೆ, ಭಾಷಣ ಆಗುತ್ತದೆ, ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಘೋಷಣೆ ಕೂಗಿಸುತ್ತೇವೆ. ಹಾರ ಹಾಕಿಸಿಕೊಂಡವರಿಗೆ ಒಂದು ಮನೆ ಇತ್ತು, ಆ ಮನೆಯ ಒಲೆಯ ಮುಂದೆ ಒಬ್ಬಾಕೆ ಕೂತಿದ್ದಳು, ಅಪ್ಪ ಎಲ್ಲಿ ಎಂದು ಕೇಳುವ ಮಕ್ಕಳು ಅಂಥ ಎಷ್ಟೋ ಮನೆಗಳಲ್ಲಿದ್ದರು. ಇದನ್ನು ಮಾತ್ರ ನಾವು ಮಕ್ಕಳಿಗೆ ಹೇಳುವುದಿಲ್ಲ. ಹೇಳದಿರುವುದು ತಪ್ಪು. ಆ ತಪ್ಪಿನ ಬೆಲೆಯನ್ನು ಮಕ್ಕಳು ತೆರುತ್ತಿದ್ದಾರೆ.

ಮಹದೇವಪ್ಪ ಹುಟ್ಟಿದ್ದು 1911ರ ಜೂನ್ 8ರಂದು. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿ ಬಿಟ್ಟು ದಂಡಿಯ ಕಡೆ ಹೆಜ್ಜೆ ಹಾಕಿದಾಗ ಹಿಂದೆ ನಡೆದ ಆಶ್ರಮವಾಸಿಗಳಲ್ಲಿ ಕರ್ನಾಟಕದವರು ಇವರೊಬ್ಬರೇ. ಆಗ ಅವರಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಇವತ್ತಿನ ಲೆಕ್ಕದಲ್ಲಿ ಪಿಯುಸಿ ಮುಗಿಸಿ ಮುಂದೇನು ಎಂದು ಕೈಚೆಲ್ಲಿ ಕೂತಿರುವ ಹುಡುಗನ ವಯಸ್ಸು. ಮೋಟೆಬೆನ್ನೂರಿನ ಹುಡುಗ ಗುಜರಾತಿನ ಆಶ್ರಮದವರೆಗೆ ಹೋದದ್ದು ಹೇಗೆ? ಹೊರಡುವಾಗ ತಾಯಿ ಬಸಮ್ಮ ಏನೆಂದಿರಬಹುದು? ಎಳೆಯ ಹೆಂಡತಿ ಸಿದ್ದಮ್ಮ? ಮುಂದೆ ಆ ಸಿದ್ದಮ್ಮನೇ ಚಳವಳಿಗೆ ಇಳಿದರು, ಸೆರೆಮನೆ ಕಂಡರು. ಗಂಡಹೆಂಡತಿ ಇಬ್ಬರೂ ಕಟ್ಟಿದ ಸಂಸಾರ ಎಂದರೆ ಸೆರೆಮನೆ, ಆಶ್ರಮ, ಖಾದಿ, ಭೂಗತ ದಿನಗಳು, ಇವುಗಳ ಸಂದಿಯಲ್ಲಿ ಸಿಕ್ಕ ಒಂದಿಷ್ಟು ಕಾಲ. 1943ರಲ್ಲಿ ಅದೂ ಮುಗಿಯಿತು. ಮಹದೇವಪ್ಪನವರಿಗಾಗ ಮೂವತ್ತೊಂದು ವರ್ಷ.

ಪಠ್ಯಪುಸ್ತಕದಲ್ಲಿ ಇದು ನಾಲ್ಕು ಸಾಲು. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ. ಹದಿನಾಲ್ಕರ ಮನಸ್ಸು ಕೇಳುವುದೇ ಬೇರೆ. ಆ ವಯಸ್ಸಿನ ಮಗು ಕೇಳುವುದು ನ್ಯಾಯ, ಭಯ, ಪ್ರೀತಿ, ಅಪ್ಪ ಅಮ್ಮನ ಮೇಲಿನ ಸಿಟ್ಟು. "ಅಪ್ಪ ದೇಶಕ್ಕೆ ಬೇಕಾಗಿದ್ದ, ನನಗೆ ಬೇಡವಾಗಿದ್ದನೇ?" ಎಂದು ಕೇಳುವ ಹುಡುಗನೊಬ್ಬನನ್ನು ಪುಟದ ಮೇಲೆ ನಿಲ್ಲಿಸಿ. ಆಮೇಲೆ ನೋಡಿ, ಓದುವ ಮಗು ತಲೆ ಎತ್ತುವುದಿಲ್ಲ.

ಕಡಲಾಚೆಯ ಮಕ್ಕಳಿಗೆ ಇಂಥ ಪುಸ್ತಕಗಳು ಸಿಗುತ್ತವೆ. ವೀರಾ ಹಿರಾನಂದಾನಿ ಎಂಬ ಲೇಖಕಿ ಅಮೆರಿಕದಲ್ಲಿ ಕೂತು, ತಮ್ಮ ತಂದೆಯ ಮನೆತನ ವಿಭಜನೆಯಲ್ಲಿ ಪಟ್ಟ ಪಾಡಿನಿಂದ ಎಳೆ ಹಿಡಿದು, 2018ರಲ್ಲಿ 'ದಿ ನೈಟ್ ಡೈರಿ' ಬರೆದರು. ಹನ್ನೆರಡು ವರ್ಷದ ನಿಶಾ 1947ರಲ್ಲಿ ಸಿಂಧ್‌ನ ತನ್ನ ಊರು ಬಿಡಬೇಕಾಗುತ್ತದೆ. ಅವಳ ತಂದೆ ಹಿಂದೂ, ಇಲ್ಲವಾದ ತಾಯಿ ಮುಸ್ಲಿಂ. ಆ ತಾಯಿಗೆ ಅವಳು ದಿನಚರಿಯಲ್ಲಿ ಕಾಗದ ಬರೆಯುತ್ತಾಳೆ. ನ್ಯೂಬೆರಿ ಗೌರವ ಪಡೆದ ಆ ಪುಸ್ತಕವನ್ನು ಸಿಂಧ್ ಎಲ್ಲಿದೆ ಎಂದು ಗೊತ್ತಿಲ್ಲದ ಮಕ್ಕಳೂ ಓದುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ಆನ್ ಫ್ರಾಂಕ್ ತನ್ನ ದಿನಚರಿ ತೆರೆದದ್ದು 1942ರ ಜೂನ್‌ನಲ್ಲಿ, ಹದಿಮೂರು ತುಂಬಿದ ದಿನ. ಎರಡೇ ತಿಂಗಳಿಗೆ, ಆಗಸ್ಟಿನಲ್ಲಿ, ಕ್ವಿಟ್ ಇಂಡಿಯಾ ಚಳವಳಿ ಶುರುವಾಗಿ ನಮ್ಮ ಊರುಗಳಲ್ಲಿ ಗಂಡಸರು ತಲೆಮರೆಸಿಕೊಳ್ಳತೊಡಗಿದರು. ಆಗ ಮೋಟೆಬೆನ್ನೂರಿನಲ್ಲಿ, ಕದರಮಂಡಲಗಿಯಲ್ಲಿ, ಹೊಸರಿತ್ತಿಯಲ್ಲಿ ಹದಿಮೂರರ ಹುಡುಗಿಯರು ಇದ್ದೇ ಇದ್ದರು. ಅವರಲ್ಲಿ ಬಹುಪಾಲು ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಅವರ ಪರವಾಗಿ ಬರೆಯಬೇಕಾದವರು ಅಕ್ಷರ ಕಲಿತ ನಾವು. ಬರೆದಿಲ್ಲ.

ಹೀಗೆ ಹೇಳುವಾಗ ಎರಡು ಹೆಸರು ನೆನೆಯದಿದ್ದರೆ ಅನ್ಯಾಯವಾದೀತು. ಗೋಕಾಕ ಸೀಮೆಯ ಮಲಾಮರಡಿಯ ಬಸವರಾಜ ಕಟ್ಟೀಮನಿ, ನಲವತ್ತೆರಡರ ಚಳವಳಿಯಲ್ಲಿ ತಾವೇ ಜೈಲು ಕಂಡವರು, 'ಮಾಡಿ ಮಡಿದವರು' ಬರೆದರು. ನಿರಂಜನರು 1955ರಲ್ಲಿ 'ಚಿರಸ್ಮರಣೆ' ಕೊಟ್ಟರು. ಈಗಿನ ಕಾಸರಗೋಡು ಜಿಲ್ಲೆಯ ಕಯ್ಯೂರಿನ ರೈತರ ಕಥೆ ಅದು. ಆ ಊರಿನ ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದ ದಿನ 1943ರ ಮಾರ್ಚ್ 29. ಈಸೂರಿಗೂ ಹೊಸರಿತ್ತಿಗೂ ನಡುವೆ ಬಿದ್ದ ತಾರೀಖು. ಐದನೆಯವನಾದ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಉಳಿದುಕೊಂಡದ್ದು ಇನ್ನೂ ಪ್ರಾಯಕ್ಕೆ ಬಾರದ ಹುಡುಗ ಎಂಬ ಒಂದೇ ಕಾರಣಕ್ಕೆ. ಗೆಳೆಯರು ನೇಣಿಗೆ ಹೋದರು, ವಯಸ್ಸು ಕಡಿಮೆ ಎಂದು ತಾನು ಬದುಕಿದೆ. ಈ ಭಾರ ಹೊತ್ತ ಹುಡುಗನ ಎದೆಯೊಳಗೆ ಇಳಿಯಬಲ್ಲ ಲೇಖಕ ನಮ್ಮಲ್ಲಿ ಹುಟ್ಟಬೇಕು. ನೀಲೇಶ್ವರದ ಶಾಲೆಯಲ್ಲಿ ಕಲಿತ ನಿರಂಜನರು ಆ ಸೀಮೆಯ ನೋವನ್ನು ಕನ್ನಡಕ್ಕೆ ತಂದರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಶಾಲೆಗಳಲ್ಲಿ ಕಲಿತವರು ತಮ್ಮ ನೆಲದ ನೋವಿಗೆ ಏನು ಕೊಟ್ಟರು?

ಅದೂ ಎಂಥ ನೆಲ! ಕನ್ನಡದ ಓದುಗರಿಗೆ ಐತಿಹಾಸಿಕ ಕಾದಂಬರಿಯ ರುಚಿ ಹತ್ತಿಸಿದ ಗಳಗನಾಥರು ಹಾವೇರಿಯವರು. ಅಗಡಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ನಡೆಸಿದರು. ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರು ತೀರಿಕೊಂಡದ್ದು 1942ರಲ್ಲಿ. ಅವರಿದ್ದಿದ್ದರೆ ಬರೆಯಬಹುದಾಗಿದ್ದ ಕಥೆ ಅದೇ ವರ್ಷ ಅವರದೇ ಊರಿನ ಸುತ್ತ ನಡೆಯಿತು. 2023ರ ಜನವರಿಯಲ್ಲಿ ಇದೇ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಮೂರು ದಿನ ಜಾತ್ರೆಯಂತೆ ನಡೆಯಿತು. ಇಷ್ಟು ಸಂಭ್ರಮಿಸುವ ಜಿಲ್ಲೆ ತನ್ನ ಹದಿಹರೆಯದ ಮಕ್ಕಳಿಗೆ ಒಂದೇ ಒಂದು ಅಂಥ ಪುಸ್ತಕ ಬರೆಸಲಾರದೇ?

ಬರೆಯಲು ಬೇಕಾದದ್ದು ಎಲ್ಲಿದೆ ಎಂದು ಕೇಳುವವರಿಗೆ ಒಂದು ಮಾತು ಹೇಳುತ್ತೇನೆ. ಬ್ಯಾಡಗಿಯ ಸುತ್ತ ಸುಗ್ಗಿಯ ತಿಂಗಳುಗಳಲ್ಲಿ ಹೆಣ್ಣುಮಕ್ಕಳು ನೆಲಕ್ಕೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ. ಕೈ ಉರಿಯುತ್ತಿರುತ್ತದೆ, ಸೆರಗು ಮೂಗಿಗೆ ಕಟ್ಟಿರುತ್ತದೆ, ಬಾಯಿ ಮಾತ್ರ ನಿಲ್ಲುವುದಿಲ್ಲ. ಕದರಮಂಡಲಗಿಯಲ್ಲಿ ಅಂಥದೊಂದು ಅಂಗಳದಲ್ಲಿ, ಕೆಲಸಕ್ಕೆ ಕೈ ಬಾರದೆ ಬರೀ ಜೊತೆಗೆ ಕೂತಿದ್ದ ಹಣ್ಣುಹಣ್ಣು ಮುದುಕಿಯೊಬ್ಬರು ಯಾವುದೋ ಮಾತಿಗೆ ತಮ್ಮ ಕಥೆ ತೆಗೆದರು. "ಪೊಲೀಸ್ರು ಬಂದು ಅಪ್ಪ ಎಲ್ಲಿ ಅಂತ ಕೇಳಿದ್ರ ಸತ್ತಾನ ಅಂತ ಹೇಳು ಅಂತ ಅವ್ವ ಕಲಿಸಿದ್ಲು. ನಾ ಸಣ್ಣಾಕಿ. ಹಂಗ ಹೇಳಿದೆ. ಅವ್ರು ಹೋದ್ರು. ಆಮ್ಯಾಲ ನಂಗ ನಿದ್ದಿನ ಬರವಲ್ದು. ನಾ ಅಂದದ್ದು ಖರೇನ ಆಗಿಬಿಟ್ರ ಅಂತ." ಪಕ್ಕದಲ್ಲಿ ಒಂಬತ್ತನೆಯ ತರಗತಿಯ ಮರಿಮಗಳು ಬಾಯಿ ತೆರೆದು ಕೇಳುತ್ತಿದ್ದಳು. "ಅಜ್ಜೀ, ಇದನ್ನ ಯಾಕ ಹೇಳಿಲ್ಲ ನಮಗ?" "ಯಾರರೆ ಕೇಳಿದ್ರಲ್ಲ ಯವ್ವಾ."

ಒಂದು ಕಾದಂಬರಿಗೆ ಇನ್ನೇನು ಬೇಕು? ಸುಳ್ಳು ಹೇಳಿ ಅಪ್ಪನನ್ನು ಉಳಿಸಿದ ಮಗು, ಆ ಸುಳ್ಳೇ ಅಪ್ಪನನ್ನು ಕೊಲ್ಲುತ್ತದೇನೋ ಎಂದು ನಡುಗುವ ಮಗು. ಇದು ಯಾವ ಗ್ಯಾಸೆಟಿಯರ್‌ನಲ್ಲಿಯೂ ಇಲ್ಲ. ನಲವತ್ತೆರಡರಲ್ಲಿ ಎಂಟು ವರ್ಷದವರಾಗಿದ್ದವರು ಇಂದು ತೊಂಬತ್ತು ದಾಟಿದ್ದಾರೆ. ಇನ್ನು ಹತ್ತು ವರ್ಷ ಸುಮ್ಮನಿದ್ದರೆ ಕೇಳಲು ಯಾರೂ ಉಳಿಯುವುದಿಲ್ಲ.

ಈಸೂರಿನದಂತೂ ಎಳೆಯರ ಕಥೆಯೇ. 1942ರ ಸೆಪ್ಟೆಂಬರಿನಲ್ಲಿ ಆ ಹಳ್ಳಿ ತಾನು ಸ್ವತಂತ್ರ ಎಂದು ಸಾರಿ, ವೀರಭದ್ರನ ಗುಡಿಯ ಮೇಲೆ ಬಾವುಟ ಏರಿಸಿತು. ತನ್ನದೇ ಸರ್ಕಾರ ಮಾಡಿಕೊಂಡು, ಇನ್ನೂ ಮೀಸೆ ಚಿಗುರದ ಹುಡುಗರನ್ನು ಅಮಲ್ದಾರ, ಪೊಲೀಸ್ ಅಧಿಕಾರಿ ಎಂದು ಕೂರಿಸಿತು. ಜಯಪ್ಪ ಎಂಬ ಹುಡುಗ ಅಮಲ್ದಾರನಾದ. ಜಗತ್ತಿನ ಯಾವ ಮಗು ತಾನೇ ಈ ಕಥೆಗೆ ಕಿವಿಗೊಡುವುದಿಲ್ಲ? ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಮೈಸೂರು ಸರ್ಕಾರದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಪೊಲೀಸರೊಂದಿಗೆ ಊರಿಗೆ ಬಂದರು. ಗಲಭೆಯಾಗಿ ಅವರಿಬ್ಬರೂ ಸತ್ತರು. ಆಮೇಲೆ ಪಡೆ ಬಂತು. ಊರಿಗೆ ಊರೇ ಕಾಡು ಸೇರಿತು. ಮನೆಗಳ ಲೂಟಿಯಾಯಿತು. ನಿನ್ನೆ ಆಟದಂತೆ ಅಧಿಕಾರ ಹಿಡಿದ ಹುಡುಗ ಇಂದು ಕಾಡಿನಲ್ಲಿ ಹಸಿದು ಕೂತಿದ್ದಾನೆ, ಹಿಂದೆ ಊರಿನಲ್ಲಿ ಯಾರ ಮನೆ ಉಳಿದಿದೆಯೋ ತಿಳಿಯದು.

ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟು: ಸತ್ತ ಆ ಅಮಲ್ದಾರರಿಗೂ ಒಂದು ಮನೆಯಿತ್ತು ಎಂಬುದನ್ನು ಬಿಡಬೇಡಿ. ಹೊಸರಿತ್ತಿಯಲ್ಲಿ ಗುಂಡು ಹಾರಿಸಿದ ಕೈಗಳಿಗೂ ಸಂಬಳ ಎಣಿಸಿ ಮಕ್ಕಳಿಗೆ ಚಡ್ಡಿಅಂಗಿ ಹೊಲಿಸುವ ಕೆಲಸವಿತ್ತು. ಎಷ್ಟೋ ಮನೆಗಳಲ್ಲಿ ಒಬ್ಬ ಅಣ್ಣ ಭೂಗತ, ಇನ್ನೊಬ್ಬ ಸರ್ಕಾರಿ ನೌಕರಿ. ಗೌಡ, ಕುಲಕರ್ಣಿ, ತಳವಾರ, ಎಲ್ಲರೂ ಸರ್ಕಾರದ ಅನ್ನದ ಋಣಕ್ಕೂ ಊರಿನ ಋಣಕ್ಕೂ ನಡುವೆ ಸಿಕ್ಕವರು. ಇದನ್ನು ಹೇಳಿದರೆ ಹುತಾತ್ಮರ ತೂಕ ತಗ್ಗುತ್ತದೆ ಎಂದು ಹೆದರುವವರಿದ್ದಾರೆ. ತಗ್ಗುವುದಿಲ್ಲ. ಮಹದೇವಪ್ಪ ಎದುರಿಸಿದ್ದು ಎಂಥ ಇಕ್ಕಟ್ಟು ಎಂಬುದು ಆಗಲೇ ಮಕ್ಕಳ ಕಣ್ಣಿಗೆ ಬೀಳುತ್ತದೆ.

ಇನ್ನೂ ಕಷ್ಟದ ಕಥೆ ಒಂದಿದೆ. ಮುಂಡರಗಿ, ಗಜೇಂದ್ರಗಡ ಅಂದಿನ ನಮ್ಮದೇ ಧಾರವಾಡ ಜಿಲ್ಲೆಯವು. 1947ರ ಆಗಸ್ಟ್ 15ರಂದು ನಾವು ಸಿಹಿ ಹಂಚಿದಾಗ ಆಚೆಯ ಕೊಪ್ಪಳ, ರಾಯಚೂರು, ಕಲಬುರಗಿ, ಬೀದರ ಹೈದರಾಬಾದಿನ ನಿಜಾಮನ ಕೈಯಲ್ಲಿದ್ದವು. ಅವನ ಪರ ನಿಂತ ರಜಾಕಾರರ ಹಾವಳಿಗೆ ಹೆದರಿ ಜನ ಗಡಿ ದಾಟಿ ಓಡಿಬಂದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ. ಅಲ್ಲಿಂದ ಯುವಕರು ರಾತ್ರಿ ಗಡಿ ದಾಟಿ ಹೋರಾಡಿ ಬರುತ್ತಿದ್ದರು. ದನಕರು, ಕಾಳುಕಡಿ, ನಡೆಯಲಾರದ ಮುದುಕರನ್ನು ಹಿಂದೆ ಬಿಟ್ಟು ಬಂದ ಕುಟುಂಬಗಳು ತಿಂಗಳುಗಟ್ಟಲೆ ಪರರ ಪಡಸಾಲೆಯಲ್ಲಿ ಕಾಲ ಹಾಕಿದವು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಮಣಿದ. ನಮ್ಮ ಮಕ್ಕಳಿಗೆ ಕಥೆ ಅಲ್ಲಿಗೆ ಮುಗಿಯುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ಭಾರತದ ಸೈನ್ಯ ಬಂದ ಮೇಲೆ ಸೇಡು ಭುಗಿಲೆದ್ದಿತು. ರಜಾಕಾರರೊಂದಿಗೆ ಯಾವ ಸಂಬಂಧವೂ ಇಲ್ಲದ ಸಾವಿರಾರು ಮುಸಲ್ಮಾನರು ಸತ್ತರು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ಕಲಬುರಗಿ, ಬೀದರ ಸೇರಿದ್ದವು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರನ್ನು ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಒಂದೇ ಓಣಿಯ ಎರಡು ಮನೆಗಳು: ಒಂದು ಮನೆಯವರು ಮೊದಲ ವರ್ಷ ಓಡಿದರು, ಇನ್ನೊಂದು ಮನೆಯವರು ಮರುವರ್ಷ ಓಡಿದರು. ಎರಡೂ ಮನೆಗಳಲ್ಲಿ ಒಟ್ಟಿಗೆ ಗೋಲಿ ಆಡಿದ ಹುಡುಗರಿದ್ದರು. ಒಬ್ಬನ ಕಥೆ ಹೇಳಿ ಇನ್ನೊಬ್ಬನದನ್ನು ನುಂಗಿದರೆ ಅದು ಮಕ್ಕಳಿಗೆ ಮಾಡುವ ಮೋಸ.

ಈ ಮೋಸದ ಫಲ ಕಣ್ಣೆದುರಿಗಿದೆ. ನಾವು ಪುಸ್ತಕ ಕೊಡದ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಅದರೊಳಗೆ ಅರ್ಧ ನಿಮಿಷದ ತುಣುಕಿನಲ್ಲಿ ಇತಿಹಾಸ ಬರುತ್ತದೆ: ಹಿಂದೆ ಸಂಗೀತ, ಮುಂದೆ ಕತ್ತಿ, ಕೊನೆಗೆ ಒಂದು ಕೋಮಿನ ಹೆಸರು. ಹದಿನೈದರ ಹುಡುಗ ಅದನ್ನು ನೋಡಿ ಮುಷ್ಟಿ ಬಿಗಿಯುತ್ತಾನೆ. ಯಾರ ಮೇಲೆ? ತನ್ನದೇ ಬೆಂಚಿನಲ್ಲಿ ಕೂರುವ, ತನ್ನ ಡಬ್ಬಿಯ ರೊಟ್ಟಿ ತಿನ್ನುವ ಗೆಳೆಯನ ಮೇಲೆ. ಆ ತುಣುಕಿಗೆ ಎದುರಾಗಿ ನಿಲ್ಲುವ ಶಕ್ತಿ ಉಪದೇಶಕ್ಕಿಲ್ಲ. ಮುನ್ನೂರು ಪುಟ ಒಬ್ಬ ಹುಡುಗನ ಜೊತೆ ಹಸಿದು, ಓಡಿ, ಅಪ್ಪನನ್ನು ಹುಡುಕಿ ಬಂದ ಮಗುವನ್ನು ಅರ್ಧ ನಿಮಿಷದಲ್ಲಿ ಕೆರಳಿಸುವುದು ಸುಲಭವಲ್ಲ.

ಮನೆ ಕಳೆದುಕೊಂಡವರು ಇಂದಿಗೂ ನಮ್ಮ ನೆರೆಯಲ್ಲೇ ಇದ್ದಾರೆ. ಹಾನಗಲ್ ದಾಟಿದರೆ ಮುಂಡಗೋಡ. 1966ರಿಂದ ಅಲ್ಲಿ ಟಿಬೆಟಿಯನ್ನರ ನೆಲೆ ಇದೆ. ನಾವು ರಜೆಯಲ್ಲಿ ಮಕ್ಕಳನ್ನು ಕರೆದೊಯ್ದು ಮಠದ ಮುಂದೆ ಫೋಟೊ ತೆಗೆಸುತ್ತೇವೆ. ಅಲ್ಲಿಯ ಅಜ್ಜ ಹಿಮ ದಾಟುವಾಗ ಯಾರನ್ನು ಬಿಟ್ಟು ಬಂದರು ಎಂದು ಕೇಳುವುದಿಲ್ಲ. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಸಿಂಹಳದಿಂದ ಬಂದ ತಮಿಳರಿದ್ದಾರೆ. ಅವರ ಮೊಮ್ಮಕ್ಕಳು ಕನ್ನಡ ಮಾತಾಡುತ್ತಾರೆ. ನಾಳೆ ಆ ಮೊಮ್ಮಕ್ಕಳಲ್ಲೇ ಒಬ್ಬರು ಕನ್ನಡದಲ್ಲಿ ಬರೆದರೆ ಅಚ್ಚುಹಾಕುವ ಪ್ರಕಾಶಕರು ಇರಲಿ.

ಲೇಖಕರೇ, 'ಮಕ್ಕಳ ಸಾಹಿತ್ಯ' ಎಂದರೆ ಇಲಿ, ಬೆಕ್ಕು, ಚಂದಮಾಮ ಎಂದು ಎಷ್ಟು ದಿನ ಕಾಲ ತಳ್ಳುತ್ತೀರಿ? ಹತ್ತು ವರ್ಷದವರೆಗೆ ಶಿಶುಪ್ರಾಸ, ಇಪ್ಪತ್ತಾದ ಮೇಲೆ ಭೈರಪ್ಪ, ತೇಜಸ್ವಿ. ನಡುವಿನ ಹತ್ತು ವರ್ಷ ಮಗು ಏನು ಓದಬೇಕು? ಪ್ರಕಾಶಕರೇ, ಮಾರಾಟವಾಗುವುದಿಲ್ಲ ಎನ್ನುವ ಮುನ್ನ ಪುಸ್ತಕ ಹೊತ್ತು ಊರೂರು ತಿರುಗಿದ ಗಳಗನಾಥರನ್ನು ನೆನೆಯಿರಿ. ಗ್ರಾಮ ಪಂಚಾಯಿತಿಯವರೇ, ನಿಮ್ಮ ಗ್ರಂಥಾಲಯಕ್ಕೆ ಅರಿವು ಕೇಂದ್ರ ಎಂಬ ಹೆಸರಿದೆ, ಮಕ್ಕಳಿಗೆ ಪುಕ್ಕಟೆ ಸದಸ್ಯತ್ವವಿದೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕದ ಪಕ್ಕದಲ್ಲಿ ಕಾದಂಬರಿಗೆ ಒಂದು ಹಲಗೆ ಬಿಡಿ. ಅಪ್ಪ ಅಮ್ಮಂದಿರೇ, ಕಥೆಪುಸ್ತಕ ಹಿಡಿದ ಮಗುವನ್ನು "ಓದ್ಕೋ ಹೋಗು" ಎಂದು ಗದರಬೇಡಿ. ಅದು ಓದುತ್ತಲೇ ಇದೆ.

ಮೇಷ್ಟ್ರೇ, ಅಕ್ಕೋರೇ, ನಿಮ್ಮಲ್ಲಿ ಹೆಚ್ಚಿನ ಕೋರಿಕೆ. ಏಪ್ರಿಲ್ 1 ಹೊಸರಿತ್ತಿಯ ದಿನ. ಅದರ ಬೆನ್ನಿಗೇ ಬೇಸಿಗೆ ರಜೆ ಬರುತ್ತದೆ. ರಜೆಗೆ ಬಿಡುವ ಮುನ್ನ ಎಂಟು, ಒಂಬತ್ತನೆಯ ತರಗತಿಯ ಮಕ್ಕಳ ಕೈಗೆ ಒಂದೊಂದು ನೋಟ್‌ಬುಕ್ ಕೊಡಿ. ಊರಿನ ಅತಿ ಹಿರಿಯರ ಹತ್ತಿರ ಹೋಗಿ ಕೂರಲಿ, ತಮ್ಮ ಓಣಿ ದಾಟಿ ಬೇರೆ ಓಣಿಗೂ, ಬೇರೆ ಜಾತಿ, ಬೇರೆ ಧರ್ಮದ ಮನೆಗೂ ಹೋಗಲಿ. ಹಿರಿಯರು ಆಡಿದ ಭಾಷೆಯಲ್ಲೇ ಬರೆದುಕೊಳ್ಳಲಿ. ತಿದ್ದಬೇಡಿ, ಅಂಕ ಹಾಕಬೇಡಿ. ಜೂನ್‌ನಲ್ಲಿ ಬಂದಾಗ ಎಲ್ಲರ ಮುಂದೆ ಓದಿಸಿ. ಆ ಇಪ್ಪತ್ತು ಮೂವತ್ತು ನೋಟ್‌ಬುಕ್‌ಗಳಲ್ಲಿ ಒಂದು ಕಾದಂಬರಿ ಇದ್ದೇ ಇರುತ್ತದೆ, ಪ್ರಾಯಶಃ ಒಬ್ಬ ಕಾದಂಬರಿಕಾರ್ತಿಯೂ.

ಮಕ್ಕಳೇ, ನೀವು ಅಜ್ಜಿಯ ಮುಂದೆ ಕೂತಾಗ ಇಸವಿ ಕೇಳಬೇಡಿ, ಅವರಿಗೆ ನೆನಪಿರುವುದಿಲ್ಲ. ಪೊಲೀಸರು ಕದ ಬಡಿದ ರಾತ್ರಿ ಒಲೆಯ ಮೇಲೆ ಏನಿತ್ತು ಎಂದು ಕೇಳಿ. ಕದ ತೆಗೆದವರು ಯಾರು? ಅಪ್ಪ ಹೋದ ಮೇಲೆ ಎತ್ತಿಗೆ ಮೇವು ಹಾಕಿದವರು ಯಾರು? ಯಾವ ನೆರೆಯವರು ಮಾತು ಬಿಟ್ಟರು, ಯಾರು ಹಿತ್ತಲ ಬಾಗಿಲಿನಿಂದ ಜೋಳ ತಂದುಕೊಟ್ಟರು? ತವರಿಗೆ ಹೋಗಲಾಗದೆ ಎಷ್ಟು ಪಂಚಮಿ ಕಳೆದವು? ಅಪ್ಪ ತಿರುಗಿ ಬಂದನೇ? ಬಂದಾಗ ಗುರುತು ಸಿಕ್ಕಿತೇ, ಹತ್ತಿರ ಹೋದಿರಾ, ಅವ್ವನ ಬೆನ್ನ ಹಿಂದೆ ನಿಂತಿರಾ?